ಅಂಗನವಾಡಿಯ ಬೆಳಗಿನ ಎರಡು ತಾಸು

(ಬನಹಟ್ಟಿಯಲ್ಲಿ ನೇಕಾರ ಪಾಲಕರು, ಅಂಗನವಾಡಿ ಟೀಚರುಗಳು ಮತ್ತು ಸುತ್ತಲಿನ ಹಳ್ಳಿಗಳ ಪಂಚಾಯ್ತಿ ಸದಸ್ಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ಶರಣು.

ಮಗ್ಗ ನಿಲ್ಲಿಸಿ ಬಂದಿದ್ದೀರಿ. ಒಂದು ಹೊತ್ತು ಮಗ್ಗ ನಿಂತರೆ ಆ ಹೊತ್ತಿನ ಕೂಲಿ ಹೋಯಿತು. ಅದಕ್ಕೆ ಸುತ್ತಿ ಬಳಸಿ ಮಾತಾಡುವುದಿಲ್ಲ, ನೇರ ವಿಷಯಕ್ಕೆ ಬರುತ್ತೇನೆ.

ನಾನು ಸರ್ಕಾರಿ ಕನ್ನಡ ಶಾಲೆಯಲ್ಲಿ ಬಹಳ ವರ್ಷ ಒಂದನೇ ಇಯತ್ತೆಗೆ ಕಲಿಸಿದವಳು. ಆ ಇಯತ್ತೆಗೆ ಕಲಿಸುವವರಿಗೆ ಶಾಲೆ ಶುರುವಾದ ಮೊದಲ ವಾರವೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕೆಲವು ಮಕ್ಕಳು ಬಂದ ಕೂಡಲೇ ಜಮಖಾನೆ ಮೇಲೆ ಜಾಗ ಹಿಡಿದು ಕೂರುತ್ತಾರೆ. ನೀರು ಬೇಕಾದರೆ ಕೇಳುತ್ತಾರೆ. ಉಚ್ಚೆಗೆ ಅವಸರವಾದರೆ ಹೇಳುತ್ತಾರೆ. ಪಾಟಿ ಮೇಲೆ ಖಡು ಇಟ್ಟರೆ ಗೆರೆ ಸೊಟ್ಟಗಾದರೂ ಕೈ ನಡುಗುವುದಿಲ್ಲ. ಕಥೆ ಹೇಳುತ್ತಿದ್ದರೆ ನಡುವೆ ಬಾಯಿ ಹಾಕಿ "ಮುಂದ ಏನಾತ್ರಿ ಅಕ್ಕೋರ?" ಅಂತ ಕೇಳುತ್ತಾರೆ. ಇನ್ನು ಕೆಲವರು ಬಾಗಿಲ ಹತ್ತಿರವೇ ನಿಂತುಬಿಡುತ್ತಾರೆ. ಹೆಸರು ಕೇಳಿದರೆ ಕತ್ತು ಬಗ್ಗಿಸುತ್ತಾರೆ. ಅವರು ದಡ್ಡರಲ್ಲ. ಅವರಿಗೆ ಭಯ ಅಷ್ಟೇ. ಆ ಭಯ ಹೋಗುವಷ್ಟರಲ್ಲಿ ದೀಪಾವಳಿ ಬಂದಿರುತ್ತದೆ. ಅಷ್ಟು ಹೊತ್ತಿಗೆ ಉಳಿದ ಮಕ್ಕಳು ಸ್ವರ ಮುಗಿಸಿ ವ್ಯಂಜನಕ್ಕೆ ಬಂದಿರುತ್ತಾರೆ. ಹಿಂದೆ ಬಿದ್ದ ಮಗು ಎರಡನೇ ಇಯತ್ತೆಗೂ ಹಿಂದೆ ಬಿದ್ದೇ ಹೋಗುತ್ತದೆ, ಮೂರಕ್ಕೂ ಹಾಗೆಯೇ.

ಈ ಎರಡು ಬಗೆಯ ಮಕ್ಕಳ ನಡುವೆ ಜಾತಿ, ಮನೆತನ, ಬುದ್ಧಿ ಯಾವುದರ ವ್ಯತ್ಯಾಸವೂ ನನಗೆ ಕಂಡಿಲ್ಲ. ಒಂದೇ ಓಣಿಯ ಮಕ್ಕಳು, ಒಂದೇ ಮನೆಯ ಅಣ್ಣ ತಂಗಿ ಕೂಡ ಹೀಗೆ ಬೇರೆ ಬೇರೆ ಇರುತ್ತಿದ್ದರು. ಕಂಡ ವ್ಯತ್ಯಾಸ ಇಷ್ಟೇ. ಮೂರರಿಂದ ಆರು ವರ್ಷದ ನಡುವೆ ಒಬ್ಬ ದೊಡ್ಡವರು ದಿನಾಲೂ ಸ್ವಲ್ಪ ಹೊತ್ತು ಆ ಮಗುವಿನ ಮುಂದೆ ಕೂತು, ಅದರ ಜೊತೆ ಮಾತಾಡಿದ್ದಾರೋ ಇಲ್ಲವೋ ಅನ್ನುವುದು.

ಬಡವರ ಮನೆಯಲ್ಲಿ ಮಕ್ಕಳ ಮೇಲೆ ಪ್ರೀತಿ ಕಮ್ಮಿ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಕಮ್ಮಿ ಇರುವುದು ಪುರುಸೊತ್ತು. ನಿಮ್ಮ ಮನೆಗಳನ್ನೇ ನೋಡಿ. ಬೆಳಿಗ್ಗೆ ವಿದ್ಯುತ್ ಮಗ್ಗ ಶುರುವಾದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಅಪ್ಪ ಮಗ್ಗದ ಮುಂದೆ, ಅವ್ವ ಕಂಡಿಕೆ ಸುತ್ತುವಲ್ಲಿ. ಮೂರು ವರ್ಷದ ಮಗು ನಡುವೆ ದಾರದ ಉಂಡೆ ಇಟ್ಟುಕೊಂಡು ಆಡುತ್ತಿರುತ್ತದೆ. ಅದು ಏನೋ ಕೇಳುತ್ತದೆ. ನಿಮಗೆ ಅದರ ತುಟಿ ಅಲುಗುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ನೀವು ಕೈಸನ್ನೆ ಮಾಡುತ್ತೀರಿ. ಸ್ವಲ್ಪ ದಿನಕ್ಕೆ ಅದೂ ಕೇಳುವುದನ್ನು ಬಿಟ್ಟು ಕೈಸನ್ನೆ ಕಲಿಯುತ್ತದೆ. ಗುಳೇದಗುಡ್ಡದಲ್ಲಿ, ಇಳಕಲ್ಲಿನಲ್ಲಿ ಕೈಮಗ್ಗದ ಮನೆಗಳಲ್ಲಿ ಇಷ್ಟು ಸಪ್ಪಳವಿಲ್ಲ, ಆದರೆ ಪುರುಸೊತ್ತು ಅಲ್ಲೂ ಇಲ್ಲ. ಹೊಲದ ಕೂಲಿಗೆ ಹೋಗುವವರ ಕಥೆಯೂ ಅದೇ.

ಹಾಗಾಗಿ ಬಡವರ ಮಕ್ಕಳಿಗೆ ಸರ್ಕಾರದ ಖರ್ಚಿನಲ್ಲಿ, ಮನೆ ಹತ್ತಿರವೇ, ಫೀ ಇಲ್ಲದ ಶಿಶುಶಾಲೆ ಬೇಕು. ಇದರಲ್ಲಿ ಎರಡು ಮಾತಿಲ್ಲ. ಒಳ್ಳೆಯ ಸಂಗತಿ ಏನೆಂದರೆ ಅದನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ನಮ್ಮ ಓಣಿಯಲ್ಲೇ ಇದೆ. ಅಂಗನವಾಡಿ.

ಅದರ ಹಿಂದಿನ ಕಥೆ ಸ್ವಲ್ಪ ಹೇಳಬೇಕು. 1920ರಲ್ಲಿ ಗಿಜುಭಾಯಿ ಬಧೇಕಾ ಅವರು ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ಶುರು ಮಾಡಿದರು. ಹೊಡೆತ ಬಡಿತ ಇಲ್ಲದೆ, ಆಟ ಮತ್ತು ಕಥೆಯಿಂದ ಸಣ್ಣ ಮಕ್ಕಳಿಗೆ ಕಲಿಸಬಹುದು ಅಂತ ತೋರಿಸಿಕೊಟ್ಟರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಆಮೇಲೆ ನಮ್ಮ ನೆರೆಯ ಮಹಾರಾಷ್ಟ್ರದ ಆಗಿನ ಠಾಣೆ ಜಿಲ್ಲೆಗೆ ಹೋದರು. ಬೋರ್ಡಿ, ಕೋಸಬಾಡ ಅನ್ನುವ ಊರುಗಳಲ್ಲಿ ಅನುತಾಯಿ ವಾಘ್ ಅವರ ಜೊತೆ ಆದಿವಾಸಿ ಮಕ್ಕಳಿಗೆ ಶಾಲೆ ನಡೆಸಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಅವರು ಮಕ್ಕಳನ್ನು ಬೈಯಲಿಲ್ಲ. ಶಾಲೆಯನ್ನೇ ಅವರ ಮನೆ ಅಂಗಳಕ್ಕೆ ಒಯ್ದರು. ಕಲ್ಲು, ಎಲೆ, ಬೀಜ, ಚಿಪ್ಪು ಏನು ಸಿಗುತ್ತದೋ ಅದರಿಂದಲೇ ಕಲಿಸಿದರು. ಮಾಂಟೆಸ್ಸರಿ ಅಂದರೆ ಶ್ರೀಮಂತರ ದುಬಾರಿ ಸಾಮಾನು ಅಂತ ಅಂದುಕೊಂಡಿದ್ದ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ.

ಸರ್ಕಾರದ ಯೋಜನೆ ಬಂದದ್ದು 1975ರ ಅಕ್ಟೋಬರ್ 2ರಂದು. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂತ ಹೆಸರು. ದೇಶದಲ್ಲಿ 33 ಕಡೆ ಪ್ರಯೋಗವಾಗಿ ಶುರು ಮಾಡಿದರು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಈಗ ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ, ನಮ್ಮ ರಾಜ್ಯದಲ್ಲೇ 65 ಸಾವಿರಕ್ಕೂ ಜಾಸ್ತಿ. ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಅಂತ ಆರು ಸೇವೆಗಳು. ಆರೂ ಒಬ್ಬ ಟೀಚರ್ ಮತ್ತು ಒಬ್ಬ ಸಹಾಯಕಿಯ ಹೆಗಲ ಮೇಲೆ.

ಊಟಕ್ಕಾಗಿ ನಡೆದ ಹೋರಾಟ ದೊಡ್ಡದು. 2001ರಲ್ಲಿ ಆಹಾರದ ಹಕ್ಕಿನ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ಪ್ರಕರಣದಲ್ಲಿ 2006ರ ಡಿಸೆಂಬರಿನಲ್ಲಿ ಕೋರ್ಟು ಒಂದು ಆದೇಶ ಕೊಟ್ಟಿತು. ಅಂಗನವಾಡಿ ಇಲ್ಲದ ಓಣಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು, ಅಲ್ಲಿನವರು ಕೇಳಿದರೆ, ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು. 2013ರಲ್ಲಿ ಆಹಾರ ಭದ್ರತಾ ಕಾನೂನು ಬಂತು. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೊಟೀನ್ ಇರುವ ಊಟ ಕೊಡಬೇಕು ಅಂತ ಆಗ ಅದರಲ್ಲಿ ಬರೆದರು, ಊಟ ಕಾನೂನಿನ ಹಕ್ಕಾಯಿತು. ನಮ್ಮ ರಾಜ್ಯದಲ್ಲಿ ಅದರ ಮೇಲೆ ಹಾಲು, ಮೊಟ್ಟೆ ಕೂಡ ಬಂದವು. ಇದಕ್ಕಾಗಿ ಓಡಾಡಿದ ಎಲ್ಲರಿಗೂ ನಾನು ಕೈ ಮುಗಿಯುತ್ತೇನೆ. ಹಸಿದ ಮಗುವಿಗೆ ಯಾವ ಅಕ್ಷರವೂ ಹತ್ತುವುದಿಲ್ಲ.

ಆದರೆ ಕಲಿಕೆಯ ವಿಷಯಕ್ಕೆ ಅಂಥ ಗಟ್ಟಿ ಕಾನೂನು ಬರಲಿಲ್ಲ. 2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರ ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿತು. ಆರು ವರ್ಷದ ಒಳಗಿನವರಿಗೆ ಸರ್ಕಾರ ಪ್ರಯತ್ನ ಮಾಡಲಿ ಅಂತ ಬರೆದು ಬಿಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೇ ಸೆಕ್ಷನ್ ಕೂಡ ಮೂರು ವರ್ಷ ದಾಟಿದ ಮಕ್ಕಳ ಉಚಿತ ಶಿಶುಶಿಕ್ಷಣವನ್ನು ಸರ್ಕಾರದ ಇಚ್ಛೆಗೆ ಬಿಟ್ಟಿದೆ. ಪರಿಣಾಮ ಏನಾಯಿತು? ಊಟ ಕೊಡದಿದ್ದರೆ ಕೇಳುವವರಿದ್ದಾರೆ. ತೂಕ ಬರೆಯದಿದ್ದರೆ ಕೇಳುವವರಿದ್ದಾರೆ. ಇವತ್ತು ಬೆಳಿಗ್ಗೆ ಮಕ್ಕಳಿಗೆ ಕಥೆ ಹೇಳಿದಿರಾ ಅಂತ ಟೀಚರನ್ನು ಕೇಳುವವರು ಯಾರೂ ಇಲ್ಲ.

ಬನಹಟ್ಟಿ ಮತ್ತು ಜಮಖಂಡಿ ನಡುವಿನ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಇತ್ತೀಚೆಗೆ ಒಂದು ಬೆಳಿಗ್ಗೆ ಕೂತಿದ್ದೆ. ಅಲ್ಲಿ ನೋಡಿದ್ದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಇಡೀ ಮಾತು ಅದರಲ್ಲೇ ಇದೆ.

ಆ ಟೀಚರ್ ಒಳ್ಳೆಯ ಕೆಲಸಗಾರ್ತಿ. ನೆಲದ ಮೇಲೆ ಖಡುವಿನಿಂದ ಮೂರು ದೊಡ್ಡ ಸುತ್ತು ಬರೆದರು. ಒಂದು ಡಬ್ಬಿ ತುಂಬ ಹುಣಸೆ ಬೀಜ, ಅಲಸಂದಿ, ಹಳೆ ಸೀಸೆ ಮುಚ್ಚಳ ಸುರಿದರು. ಬೇರೆ ಬೇರೆ ಮಾಡಿ ಇಡಿ ಅಂದರು. ಮಕ್ಕಳು ಮೊಣಕಾಲೂರಿ ಕೂತರು. ನಾಲ್ಕು ವರ್ಷದ ಒಬ್ಬ ಹುಡುಗನ ಕೈಗೆ ಒಡೆದು ಅರ್ಧವಾದ ಹುಣಸೆ ಬೀಜ ಸಿಕ್ಕಿತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹುಣಸೆ ಬೀಜದ ಸುತ್ತಿನಲ್ಲಿ ಇಟ್ಟ. ಪಕ್ಕದ ಹುಡುಗಿ ತೆಗೆದು ಹೊರಗೆ ಹಾಕಿದಳು. "ಅದು ಬೀಜ ಅಲ್ಲ, ಒಡದೈತಿ" ಅಂದಳು. ಅವನು "ಒಡದ್ರೂ ಬೀಜಾನ" ಅಂತ ಮತ್ತೆ ಒಳಗಿಟ್ಟ. ಇಬ್ಬರೂ ಟೀಚರ್ ಮುಖ ನೋಡಿದರು. ಟೀಚರ್ ಉತ್ತರ ಹೇಳಲಿಲ್ಲ. "ಹೌದಾ? ಹಂಗಾದ್ರ ಇನ್ನೊಂದು ಅರ್ಧ ಎಲ್ಲಿ ಹೋಗೇತಿ? ಹುಡಕ್ರಿ ನೋಡೋಣ" ಅಂದರು. ಮಕ್ಕಳು ರಾಶಿಯಲ್ಲಿ ಕೈಯಾಡಿಸತೊಡಗಿದರು.

ನಾನು ಎಷ್ಟೋ ತರಬೇತಿಗಳಲ್ಲಿ ಕೂತಿದ್ದೇನೆ. ಅರ್ಧ, ಪೂರ್ಣ ಅನ್ನುವುದನ್ನು ನಾಲ್ಕು ವರ್ಷದ ಮಗುವಿನ ತಲೆಯಲ್ಲಿ ಇಷ್ಟು ಚೆನ್ನಾಗಿ ಬಿತ್ತಿದ್ದನ್ನು ನೋಡಿದ್ದು ಕಮ್ಮಿ.

ಅಷ್ಟರಲ್ಲಿ ಫೋನ್ ಬಂತು. ಒಂದು ಮಾಹಿತಿ ಅರ್ಧ ತಾಸಿನಲ್ಲಿ ಕಳಿಸಬೇಕು ಅಂತ. ಟೀಚರ್ ಎದ್ದು ಹೊರಗೆ ಹೋದರು, ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ. ಬಾಗಿಲಲ್ಲಿ ಒಬ್ಬ ಬಸುರಿ ಹೆಣ್ಣುಮಗಳು ರೇಷನ್ನಿಗೆ ಬಂದು ನಿಂತಿದ್ದಳು. ಅವಳ ಮುಖದ ಫೋಟೊ ಮೊಬೈಲಿನಲ್ಲಿ ಹೊಂದಬೇಕು, ಅದು ಹೊಂದಲಿಲ್ಲ. ಬಿಸಿಲಿಗೆ ನಿಲ್ಲಿಸಿ ಮತ್ತೆ ತೆಗೆದರು. ಒಟಿಪಿ ಗಂಡನ ಫೋನಿಗೆ ಹೋಗಿತ್ತು, ಗಂಡ ಹೊಲದಲ್ಲಿದ್ದ. ಸಹಾಯಕಿ ಒಲೆ ಮುಂದೆ, ಅವಳು ಬಿಟ್ಟು ಬರುವ ಹಾಗಿಲ್ಲ. ಮಕ್ಕಳು ಸ್ವಲ್ಪ ಹೊತ್ತು ಹುಡುಕಿದರು. ಆಮೇಲೆ ಒಬ್ಬ ಬೀಜ ಎಸೆದ, ಇನ್ನೊಬ್ಬ ಎಸೆದ. ಸುತ್ತುಗಳು ಅಳಿಸಿದವು. ಟೀಚರ್ ವಾಪಸ್ ಬಂದಾಗ ಅರ್ಧ ಮಕ್ಕಳು ಪಡಸಾಲೆಯಲ್ಲಿ ಓಡಾಡುತ್ತಿದ್ದರು, ಊಟದ ಹೊತ್ತೂ ಆಗಿತ್ತು. ಅವರು ಬೀಜ ಡಬ್ಬಿಗೆ ತುಂಬಿದರು. ನನ್ನ ಕಡೆ ನೋಡಿ "ದಿನಾ ಹಿಂಗ ರಿ" ಅಂದರು.

ಇದು ಆ ಒಂದು ಊರಿನ ಕಥೆಯಲ್ಲ. ಇಲ್ಲಿ ಕೂತ ಟೀಚರುಗಳು ತಲೆ ಅಲ್ಲಾಡಿಸುತ್ತಿದ್ದಾರೆ, ಕಾಣುತ್ತಿದೆ. ಮತದಾರರ ಪಟ್ಟಿ ಕೆಲಸಕ್ಕೆ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಅವರೇ. ಯಾವ ಸಮೀಕ್ಷೆ ಬಂದರೂ ಅವರೇ. 2021ರಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪ್ ಬಂತು, ದಾಖಲೆ ಎಲ್ಲ ಮೊಬೈಲಿಗೆ ಬಂತು. ಕೆಲಸ ಹಗುರವಾಗಬೇಕಿತ್ತು, ಎಷ್ಟೋ ಕಡೆ ಪುಸ್ತಕವೂ ಉಳಿಯಿತು, ಮೊಬೈಲೂ ಸೇರಿತು. ಶಾಲೆಯ ಶಿಕ್ಷಕರಿಗೆ ಒಂದು ರಕ್ಷಣೆ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಹಚ್ಚುವ ಹಾಗಿಲ್ಲ. ಅಂಗನವಾಡಿ ಟೀಚರಿಗೆ ಆ ರಕ್ಷಣೆಯೂ ಇಲ್ಲ, ಶಿಕ್ಷಕರ ಸಂಬಳವೂ ಇಲ್ಲ. ಅವರಿಗೆ ಬರುವುದು ಗೌರವಧನ. ಕೇಂದ್ರ ಗೊತ್ತು ಮಾಡಿದ ಮೊತ್ತವನ್ನು 2018ರಲ್ಲಿ 4,500 ರೂಪಾಯಿಗೆ ಏರಿಸಿದರು, ಅದರ ಮೇಲೆ ರಾಜ್ಯ ಇನ್ನಷ್ಟು ಸೇರಿಸುತ್ತದೆ. ಇವರಿಗೆ ಗ್ರಾಚ್ಯುಟಿ ಸಿಗಬೇಕು ಅಂತ ಹೇಳಲು 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯಿತು. ಅದೂ ಗುಜರಾತಿನ ಕಾರ್ಯಕರ್ತೆಯರು ಕೇಸು ನಡೆಸಿದ್ದಕ್ಕೆ.

ಈಗ ಪಾಲಕರ ಮಾತಿಗೆ ಬರುತ್ತೇನೆ. ಸಭೆ ಶುರುವಾಗುವ ಮೊದಲು ಒಬ್ಬ ತಾಯಿ ನನ್ನ ಹತ್ತಿರ ಬಂದು ಹೇಳಿದರು. "ಅಕ್ಕೋರ, ಅಂಗನವಾಡ್ಯಾಗ ಬರೇ ಆಡಸ್ತಾರ್ರಿ. ಕಾನ್ವೆಂಟ್‌ನ್ಯಾಗ ಹುಡುಗ ಎಬಿಸಿಡಿ ಬರೀತಾನು. ಸಾಲ ಮಾಡಿ ಕಳಸಾಕತ್ತೀವಿ." ಅವರ ಸಂಕಟ ನನಗೆ ಅರ್ಥವಾಗುತ್ತದೆ. ಮಗು ನಮ್ಮ ಹಾಗೆ ಆಗಬಾರದು ಅನ್ನುವ ಆಸೆ ಅದು. ಆದರೆ ತಾಯಿ, ಮೂರೂವರೆ ವರ್ಷದ ಮಗುವಿನ ಬೆರಳಿನಲ್ಲಿ ಪೆನ್ಸಿಲ್ ಹಿಡಿಯುವಷ್ಟು ಬಲ ಇನ್ನೂ ಬಂದಿರುವುದಿಲ್ಲ. ಮಣ್ಣು ಕಲಸಿ, ಮಣಿ ಪೋಣಿಸಿ, ಕಾಗದ ಹರಿದು, ಮೊಟ್ಟೆ ಸುಲಿದು ಆ ಬಲ ಬರಬೇಕು. ಬೀಜ ಬೇರೆ ಮಾಡುವುದು ಗಣಿತ. ಹಾಡಿಗೆ ತಾಳ ಹಾಕುವುದು ಓದಿಗೆ ತಯಾರಿ, ಪದದಲ್ಲಿರುವ ಸದ್ದುಗಳು ಬೇರೆ ಬೇರೆ ಅಂತ ಕಿವಿಗೆ ಗೊತ್ತಾಗುವುದು ಹಾಗೆ. ಸರದಿ ಕಾಯುವುದು, ಬಿದ್ದವನನ್ನು ಎತ್ತುವುದು, ನನಗೆ ಬೇಡ ಅಂತ ಹೇಳುವುದು, ಇವೆಲ್ಲ ಆಟದಲ್ಲೇ ಬರುತ್ತವೆ. ನೀವು ನೇಕಾರರು, ನಿಮಗೆ ನಾನು ಹೇಳಬೇಕಾಗಿಲ್ಲ. ಹಾಸು ಸಡಿಲಿದ್ದರೆ ಆಮೇಲೆ ಹೊಕ್ಕು ಎಷ್ಟು ಚೆನ್ನಾಗಿ ಹಾಕಿದರೂ ಬಟ್ಟೆ ನಿಲ್ಲುವುದಿಲ್ಲ. ನಮ್ಮ ರಾಜ್ಯದ ಅಂಗನವಾಡಿಗಳಿಗೆ ಚಿಲಿಪಿಲಿ ಅನ್ನುವ ಚಟುವಟಿಕೆ ಪುಸ್ತಕ ಇದೆ. ಇದೆಲ್ಲ ಅದರಲ್ಲಿದೆ. ಒಮ್ಮೆ ಹೋಗಿ ಕೇಳಿ, ತೋರಿಸುತ್ತಾರೆ.

ಆ ತಾಯಿಯ ಮಾತಿನಲ್ಲಿ ಒಂದು ಸತ್ಯವೂ ಇದೆ. ಎಷ್ಟೋ ಅಂಗನವಾಡಿಗಳಲ್ಲಿ ಮಕ್ಕಳನ್ನು ಆಡಿಸುವುದೂ ಇಲ್ಲ. ಸುಮ್ನೆ ಕೂಡಿಸಿರುತ್ತಾರೆ. ಟೀಚರ್ ಬರೆಯುತ್ತಾ ಕೂತಿರುತ್ತಾರೆ, ಮಕ್ಕಳು ಊಟಕ್ಕೆ ಕಾಯುತ್ತಾ ಕೂತಿರುತ್ತವೆ. ಅದನ್ನು ನೋಡಿ ಪಾಲಕರು ಮಗುವನ್ನು ಬಿಡಿಸಿಕೊಂಡು ಹೋದರೆ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಬಿಡಿಸಿ ಎಲ್ಲಿಗೆ ಕಳಿಸುತ್ತೀರಿ? ಒಂದು ತಗಡಿನ ಶೆಡ್ಡಿನಲ್ಲಿ ನಲವತ್ತು ಮಕ್ಕಳು, ತರಬೇತಿ ಇಲ್ಲದ ಒಬ್ಬ ಹುಡುಗಿ, ದಿನಾ ಎರಡು ಪುಟ ಕಾಪಿ ಬರವಣಿಗೆ. ಅಲ್ಲಿ ಮೊಟ್ಟೆ ಇಲ್ಲ, ಹಾಲಿಲ್ಲ, ತೂಕ ನೋಡುವವರಿಲ್ಲ. ಮೇಲೆ ಫೀ.

ಬೆಳಗಿನ ಹೊತ್ತಿನ ಬಗ್ಗೆ ಇಷ್ಟು ಒತ್ತಿ ಹೇಳುವುದು ನನ್ನ ಸ್ವಂತ ಅಭಿಪ್ರಾಯ ಮಾತ್ರವಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಇಪ್ಸಿಲ್ಯಾಂಟಿ ಅನ್ನುವ ಊರಿದೆ. ಅಲ್ಲಿ 1962ರಲ್ಲಿ ಪೆರಿ ಶಾಲೆಯಲ್ಲಿ ಒಂದು ಪ್ರಯೋಗ ಶುರುವಾಯಿತು. 123 ಮಕ್ಕಳು, ಎಲ್ಲರೂ ಬಡ ಕಪ್ಪು ಜನರ ಮನೆಯವರು. ಅದರಲ್ಲಿ 58 ಮಕ್ಕಳಿಗೆ ದಿನಾ ಬೆಳಿಗ್ಗೆ ಎರಡೂವರೆ ತಾಸು ಶಿಶುಶಾಲೆ. ಐದಾರು ಮಕ್ಕಳಿಗೆ ಒಬ್ಬ ಟೀಚರ್. ವಾರಕ್ಕೊಮ್ಮೆ ಟೀಚರ್ ಮನೆಗೆ ಹೋಗಿ ತಾಯಿ ಜೊತೆ ಕೂತು ಮಾತಾಡಬೇಕು. ಉಳಿದ ಮಕ್ಕಳಿಗೆ ಅದು ಇರಲಿಲ್ಲ. ಆ ಎಲ್ಲ ಮಕ್ಕಳಿಗೆ ನಲವತ್ತು ವರ್ಷ ಆಗುವವರೆಗೂ ಬೆನ್ನುಹತ್ತಿ ವಿಚಾರಿಸಿದರು. ಶಿಶುಶಾಲೆಗೆ ಹೋದವರಲ್ಲಿ ಹೈಸ್ಕೂಲ್ ಮುಗಿಸಿದವರು ಜಾಸ್ತಿ, ಗಳಿಕೆ ಜಾಸ್ತಿ, ಪೊಲೀಸ್ ಕೇಸು ಕಮ್ಮಿ. ಅಲ್ಲಿ ದೊಡ್ಡ ಕಟ್ಟಡವಾಗಲಿ, ಯಂತ್ರವಾಗಲಿ ಇರಲಿಲ್ಲ. ಇದ್ದದ್ದು ಬೆಳಗಿನ ಎರಡೂವರೆ ತಾಸು ಬೇರೆ ಕೆಲಸವಿಲ್ಲದೆ ಮಕ್ಕಳ ಜೊತೆ ಕೂತ ಟೀಚರ್.

ಅದೇ ದೇಶದಲ್ಲಿ 1965ರಲ್ಲಿ ಅಧ್ಯಕ್ಷ ಜಾನ್ಸನ್ ಕಾಲಕ್ಕೆ ಹೆಡ್ ಸ್ಟಾರ್ಟ್ ಅಂತ ಬಡ ಮಕ್ಕಳ ಉಚಿತ ಶಿಶುಶಾಲೆ ಬಂತು. ಮೊದಲ ಬೇಸಿಗೆಯಲ್ಲಿ ಎಂಟೇ ವಾರ ನಡೆಯಿತು, ಐದು ಲಕ್ಷಕ್ಕೂ ಜಾಸ್ತಿ ಮಕ್ಕಳು ಬಂದರು. ಇವತ್ತಿಗೂ ನಡೆಯುತ್ತಿದೆ. ಕೆಲವು ವರ್ಷಗಳಲ್ಲೇ ಅದರ ಲಾಭ ಮಾಸುತ್ತದೆ ಅಂತ ವಾದ ಮಾಡಿದವರೂ ಇದ್ದಾರೆ. ಒಂದನೇ ಇಯತ್ತೆ ಕಲಿಸಿದವಳಾಗಿ ನನಗೆ ಆ ವಾದ ಅರ್ಥವಾಗುತ್ತದೆ. ಮುಂದಿನ ಶಾಲೆ ಸರಿ ಇಲ್ಲದಿದ್ದರೆ ಹಿಂದಿನದು ಎಷ್ಟು ದಿನ ಉಳಿಯುತ್ತದೆ? ಆದರೆ ಅದು ಶಾಲೆ ಸುಧಾರಿಸಲು ಕಾರಣ, ಶಿಶುಶಾಲೆ ಕೈಬಿಡಲು ಕಾರಣವಲ್ಲ.

ದೂರದ ಊರಿನ ಕಥೆ ಯಾಕೆ ಅಂತ ಕೇಳುತ್ತೀರಾ? ಹಾಗಾದರೆ ಪಕ್ಕದ ತಮಿಳುನಾಡಿಗೆ ಬನ್ನಿ. ಅಲ್ಲಿ ಸಂಶೋಧಕರು ಸರ್ಕಾರದ ಜೊತೆ ಸೇರಿ 320 ಅಂಗನವಾಡಿಗಳನ್ನು ಆರಿಸಿ, ಅದರಲ್ಲಿ 160 ಕಡೆ ಅರ್ಧ ದಿನದ ಕೆಲಸಕ್ಕೆ ಇನ್ನೊಬ್ಬರನ್ನು ಕೊಟ್ಟು ನೋಡಿದರು. ಆ ಹೊಸಬರ ಕೆಲಸ ಒಂದೇ, ಮಕ್ಕಳಿಗೆ ಕಲಿಸುವುದು. ಕಲಿಕೆಯ ಹೊತ್ತು ಎರಡು ಪಟ್ಟಾಯಿತು. ಹದಿನೆಂಟು ತಿಂಗಳಾದ ಮೇಲೆ ಮಕ್ಕಳನ್ನು ನೋಡಿದಾಗ ಗಣಿತ, ಭಾಷೆ ಎರಡರಲ್ಲೂ ಮುಂದಿದ್ದರು. ಅಷ್ಟೇ ಅಲ್ಲ, ಕುಳ್ಳಾಗಿ ಉಳಿಯುವ ಮಕ್ಕಳು, ತೀವ್ರ ಅಪೌಷ್ಟಿಕತೆಯ ಮಕ್ಕಳು ಕಮ್ಮಿಯಾಗಿದ್ದರು. ಯಾಕೆ? ಹಳೆಯ ಟೀಚರಿಗೆ ಊಟ, ಆರೋಗ್ಯದ ಕಡೆ ಗಮನ ಕೊಡಲು ಪುರುಸೊತ್ತು ಸಿಕ್ಕಿತು. ಒಬ್ಬರು ಜಾಸ್ತಿ ಬಂದದ್ದಕ್ಕೆ ಎರಡೂ ಕೆಲಸ ನೆಟ್ಟಗಾಯಿತು. ನನಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕಾಗಿಲ್ಲ.

ನಮ್ಮ ಸರ್ಕಾರಗಳಿಗೂ ಇದು ಗೊತ್ತಿದೆ. 2020ರ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತ ಅಂದಿತು. ಮೆದುಳಿನ ಬೆಳವಣಿಗೆಯ 85 ಪ್ರತಿಶತಕ್ಕೂ ಜಾಸ್ತಿ ಆರು ವರ್ಷದೊಳಗೇ ಆಗುತ್ತದೆ ಅಂತ ಅದರಲ್ಲೇ ಬರೆದಿದ್ದಾರೆ. 2023ರಲ್ಲಿ ಕೇಂದ್ರ ಸರ್ಕಾರ ಅಂಗನವಾಡಿಯಲ್ಲಿ ದಿನಕ್ಕೆ ಕಮ್ಮಿ ಅಂದರೂ ಎರಡು ತಾಸು ಕಲಿಕೆ ನಡೆಯಬೇಕು ಅಂತ ಹೇಳಿತು. ಹೇಳಿದ್ದು ಸರಿ. ಆದರೆ ಆ ಎರಡು ತಾಸು ಎಲ್ಲಿಂದ ಬರಬೇಕು ಅಂತ ಯಾರೂ ಲೆಕ್ಕ ಹಾಕಲಿಲ್ಲ. ಇದ್ದ ಕೆಲಸ ಒಂದೂ ಕಮ್ಮಿಯಾಗಲಿಲ್ಲ.

ರಾಜ್ಯದಲ್ಲಿ ಇನ್ನೊಂದು ಎಳೆದಾಟ ನಡೆಯಿತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರವಾಯಿತು. ಮೂರು ವರ್ಷ ದಾಟಿದ ಮಕ್ಕಳೆಲ್ಲ ಅಲ್ಲಿಗೆ ಹೋದರೆ ನಮ್ಮ ಗತಿ ಏನು ಅಂತ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಆಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಚಿವೆ ನಮ್ಮ ಬೆಳಗಾವಿ ಗ್ರಾಮೀಣದ ಶಾಸಕಿ ಲಕ್ಷ್ಮಿ ಹೆಬ್ಬಾಳಕರ. ಅಂಗನವಾಡಿಯಲ್ಲೇ ಎಲ್‌ಕೆಜಿ, ಯುಕೆಜಿ ನಡೆಸುತ್ತೇವೆ ಅಂತ ಹೇಳಿ, ಮೊದಲು ಬೆಂಗಳೂರಿನ 250 ಕಡೆ ಸರ್ಕಾರಿ ಮಾಂಟೆಸ್ಸರಿ ಶುರು ಮಾಡಿದರು. ನನ್ನ ನಿಲುವು ಕೇಳಿದರೆ, ಸಣ್ಣ ಮಕ್ಕಳು ಅಂಗನವಾಡಿಯಲ್ಲೇ ಇರಬೇಕು. ಅದು ಓಣಿಯಲ್ಲಿದೆ, ಊಟ ಇದೆ, ಟೀಚರಿಗೆ ತಾಯಿ ಗೊತ್ತು, ತಾಯಿಗೆ ಟೀಚರ್ ಗೊತ್ತು. ಆದರೆ ಬೋರ್ಡಿಗೆ ಬಣ್ಣ ಬಳಿದು, ಮಕ್ಕಳಿಗೆ ಯೂನಿಫಾರ್ಮ್ ಹಾಕಿ, ಟೀಚರಿಗೆ ಅದೇ ಹಳೆ ಕೆಲಸ ಬಿಟ್ಟರೆ ಏನೂ ಬದಲಾಗುವುದಿಲ್ಲ.

ಕಬ್ಬು ಕಡಿಯುವ ಗ್ಯಾಂಗಿನ ಮಕ್ಕಳ ಬಗ್ಗೆ ಹೇಳದಿದ್ದರೆ ನನ್ನ ಮನಸ್ಸು ಒಪ್ಪುವುದಿಲ್ಲ. ದೀಪಾವಳಿ ಹೊತ್ತಿಗೆ ಕಾರ್ಖಾನೆಗಳು ಶುರುವಾಗುತ್ತವೆ. ವಿಜಯಪುರ ಜಿಲ್ಲೆಯ ತಾಂಡಾಗಳಿಂದ, ಮಹಾರಾಷ್ಟ್ರದ ಬೀಡ ಕಡೆಯಿಂದ ಗ್ಯಾಂಗುಗಳು ನಮ್ಮ ಬೆಳಗಾವಿ, ಬಾಗಲಕೋಟೆ ಹೊಲಗಳಿಗೆ ಬರುತ್ತವೆ. ಮುಕಾದಮ ಅಂದರೆ ಕೂಲಿ ಗುತ್ತಿಗೆದಾರ, ಅವನ ಹತ್ತಿರ ಮುಂಗಡ ತಗೊಂಡ ಗಂಡ ಹೆಂಡತಿ ಜೋಡಿ. ಮಕ್ಕಳನ್ನು ಎಲ್ಲಿ ಬಿಟ್ಟು ಬರಬೇಕು? ಕಟ್ಟಿಕೊಂಡೇ ಬರುತ್ತಾರೆ. ಅವ್ವ ಅಪ್ಪ ನಸುಕಿನಲ್ಲಿ ಕಡಿಯಲು ಹೋದರೆ ಸಣ್ಣದು ರವದಿ (ಕಬ್ಬಿನ ಒಣಗರಿ) ಮೇಲೆ ಮಲಗಿರುತ್ತದೆ. ಅದನ್ನು ನೋಡಿಕೊಳ್ಳಲು ಎಂಟು ಒಂಬತ್ತು ವರ್ಷದ ಅಕ್ಕ. ಆ ಅಕ್ಕನ ಶಾಲೆಯೂ ಅಲ್ಲಿಗೆ ಮುಗಿಯಿತು. ನಾಲ್ಕೈದು ತಿಂಗಳು ಹೀಗೆ. ತಾಂಡಾದ ಅಂಗನವಾಡಿಯಲ್ಲಿ ಆ ಮಕ್ಕಳ ಹೆಸರು ಇರುತ್ತದೆ, ಮಕ್ಕಳು ಇಲ್ಲಿರುತ್ತಾರೆ. ಇಲ್ಲಿ ಅವರ ಹೆಸರು ಇರುವುದಿಲ್ಲ.

ಅವರನ್ನು ಇಲ್ಲಿನ ಅಂಗನವಾಡಿಗೆ ಸೇರಿಸಿಕೊಳ್ಳಲು ಅಡ್ಡಿ ಇಲ್ಲ. ಮಗುವಿನ ಆಧಾರ್ ಕಡ್ಡಾಯವಲ್ಲ, ತಾಯಿಯದ್ದು ನಡೆಯುತ್ತದೆ. ಒಂದು ಊರಿನಿಂದ ಇನ್ನೊಂದು ಊರಿಗೆ ಹೋದ ಮಗುವಿನ ಹೆಸರು ವರ್ಗಾಯಿಸುವ ಅವಕಾಶ ಪೋಷಣ್ ಟ್ರ್ಯಾಕರಿನಲ್ಲೇ ಇದೆ. ಅಡ್ಡಿ ಇರುವುದು ನಮ್ಮ ಮನಸ್ಸಿನಲ್ಲಿ. ಅವರು ನಮ್ಮೂರಿನವರಲ್ಲ ಅನ್ನುವ ಮಾತು ನಾನು ಕೇಳಿದ್ದೇನೆ. ನಿಮ್ಮ ಹೊಲದ ಕಬ್ಬು ಕಡಿಯುವಾಗ ಅವರು ನಿಮ್ಮವರು, ಅವರ ಮಗುವಿಗೆ ಒಂದು ತಟ್ಟೆ ಅನ್ನ ಹಾಕುವಾಗ ಬೇರೆಯವರೇ? ತಾಂಡಾದ ಮಗು ಮೊದಲ ದಿನ ಮಾತಾಡುವುದಿಲ್ಲ, ಅದಕ್ಕೆ ಲಂಬಾಣಿ ಮಾತು ಬರುತ್ತದೆ, ಕನ್ನಡ ಬರುವುದಿಲ್ಲ. ಯಾಡಿ (ಅವ್ವ), ಬಾಟಿ (ರೊಟ್ಟಿ), ಪಾಣಿ (ನೀರು) ಅಂತ ನಾಲ್ಕು ಮಾತು ಟೀಚರ್ ಕಲಿತು ಆಡಿದರೆ ಸಾಕು, ಆ ಮಗು ಎದ್ದು ಬಂದು ಸೆರಗು ಹಿಡಿಯುತ್ತದೆ. ಮೂರು ವರ್ಷದ ಒಳಗಿನವರಿಗೆ ರಾಜ್ಯ ಸರ್ಕಾರ ಪಂಚಾಯ್ತಿಗಳಲ್ಲಿ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರ ಶುರು ಮಾಡಿದೆ. 2023ರಲ್ಲಿ 4 ಸಾವಿರ ಪಂಚಾಯ್ತಿಗಳಿಗೆ ಅಂತ ಘೋಷಿಸಿದ ಯೋಜನೆ ಅದು. ನಿಮ್ಮ ಪಂಚಾಯ್ತಿಯಲ್ಲಿ ಇದ್ದರೆ ಕಬ್ಬಿನ ಹಂಗಾಮಿನಲ್ಲಿ ಅದರ ಬಾಗಿಲು ತೆಗೆದಿದೆಯೇ ನೋಡಿ.

ಹಾಗಾದರೆ ನಾವು ಕೇಳಬೇಕಾದದ್ದು ಏನು? ನನ್ನ ಬೇಡಿಕೆ ಸಣ್ಣದು. ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಅಂಗನವಾಡಿ ಟೀಚರಿಗೆ ಮಕ್ಕಳ ಹೊರತು ಬೇರೆ ಕೆಲಸ ಇರಬಾರದು. ಆ ಹೊತ್ತಿನಲ್ಲಿ ಫೋನ್ ಬೇಡ, ಮೀಟಿಂಗ್ ಬೇಡ, ಸಮೀಕ್ಷೆ ಬೇಡ. ರೇಷನ್ ಹಂಚುವುದು ಮಧ್ಯಾಹ್ನಕ್ಕೆ ಇರಲಿ. ತಾಯಂದಿರೇ, ಇದರಲ್ಲಿ ನಿಮ್ಮ ಪಾಲೂ ಇದೆ. ಮಗುವನ್ನು ಊಟದ ಹೊತ್ತಿಗೆ ಅಲ್ಲ, ಹತ್ತು ಗಂಟೆಗೆ ಕಳಿಸಿ. ನಿಮ್ಮ ರೇಷನ್ನಿಗೆ ಬೆಳಿಗ್ಗೆ ಹೋಗಿ ಟೀಚರನ್ನು ಎಬ್ಬಿಸಬೇಡಿ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ, ಅದರಲ್ಲಿ ತಾಯಂದಿರೇ ಇದ್ದೀರಿ. ತಿಂಗಳಿಗೊಮ್ಮೆ ಸಹಿ ಹಾಕಿ ಬರುವ ಬದಲು ಒಂದು ಬೆಳಿಗ್ಗೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಎಷ್ಟು ಸಲ ಟೀಚರ್ ಎದ್ದು ಹೋದರು, ಯಾತಕ್ಕೆ ಹೋದರು ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಎರಡನೆಯದು, ತಮಿಳುನಾಡಿನಲ್ಲಿ ಮಾಡಿದ ಹಾಗೆ ಅರ್ಧ ದಿನಕ್ಕೆ ಇನ್ನೊಬ್ಬರು ಬೇಕು. ಇದು ದೊಡ್ಡ ಖರ್ಚಲ್ಲ. ಪಿಯುಸಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಪ್ರತಿ ಓಣಿಯಲ್ಲಿದ್ದಾರೆ. ಸರಿಯಾದ ತರಬೇತಿ, ಸರಿಯಾದ ಕೂಲಿ ಕೊಟ್ಟು ತಗೊಳ್ಳಿ ಅಂತ ಸರ್ಕಾರವನ್ನು ಕೇಳಬೇಕು. ಪುಕ್ಕಟೆ ಸೇವೆ ಅಂತ ಅವರನ್ನೂ ದುಡಿಸಿಕೊಳ್ಳಬಾರದು.

ಪಂಚಾಯ್ತಿ ಸದಸ್ಯರಿಗೆ ಕೊನೆಯ ಮಾತು. ಗಟಾರ, ಬೀದಿದೀಪಕ್ಕೆ ಠರಾವು ಮಾಡುವ ಹಾಗೆ ಇದಕ್ಕೂ ಠರಾವು ಮಾಡಬಹುದು. ಗ್ರಾಮಸಭೆಯಲ್ಲಿ ತನ್ನಿ, ನವೆಂಬರ್ ಹೊತ್ತಿಗೆ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ವಾ, ಅಲ್ಲೂ ತನ್ನಿ. ಕಬ್ಬಿನ ಹಂಗಾಮು ಶುರುವಾಗುವ ಹೊತ್ತೂ ಅದೇ. ಹಾಗಾಗಿ ಹೊರಗಿನಿಂದ ಬಂದ ಗ್ಯಾಂಗಿನ ಗುಡಿಸಲುಗಳಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟಿದ್ದಾರೆ ಅಂತ ಆ ವಾರವೇ ಎಣಿಸಿ, ಅದೇ ಠರಾವಿನಲ್ಲಿ ಸೇರಿಸಿ. ಒಂದು ಪ್ರತಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ, ಒಂದು ಪ್ರತಿ ತಾಲೂಕು ಪಂಚಾಯ್ತಿಗೆ ಕೊಡಿ. ಮುದ್ರೆ ಹಾಕಿಸಿಕೊಂಡ ಪ್ರತಿ ಬಾಲವಿಕಾಸ ಸಮಿತಿಯ ತಾಯಂದಿರ ಹತ್ತಿರ ಇರಲಿ. ಮರುತಿಂಗಳು ಕಚೇರಿಗೆ ಹೋಗಿ ಏನಾಯಿತು ಅಂತ ಕೇಳುವವರು ಅವರೇ.